ಐದು ಚೊಂಬು ನೀರು

ಕಳೆದ ನವೆಂಬರಿನಲ್ಲಿ ನಮ್ಮ ಸಂಘದ ರಾಜ್ಯೋತ್ಸವ ಸಮಾರಂಭವನ್ನು ಸಸಿಗೆ ನೀರೆರೆಯುವುದರ ಮೂಲಕ ಉದ್ಘಾಟಿಸಲಾಯಿತು. ಊರ ಕಡೆಯ ಸಭೆಗಳಲ್ಲಿ ಈ ಪದ್ಧತಿ ರೂಢವಾಗಿ ಬಹಳ ವರ್ಷಗಳಾದುವು. ನಾವು ಮುಂಬಯಿಯವರು ತುಸು ತಡವಾಗಿ ಹಿಡಿದೆವು. ವೇದಿಕೆಯ ಮೇಲೆ ಐವರು ಗಣ್ಯರಿದ್ದರು. ಮುಖ್ಯ ಅತಿಥಿಗಳು ಒಂದು ಚೊಂಬು ಎರೆದರು, ಅಧ್ಯಕ್ಷರು ಒಂದು, ಉಳಿದ ಮೂವರೂ ತಲಾ ಒಂದೊಂದು. ಛಾಯಾಚಿತ್ರದಲ್ಲಿ ನೀರಿನ ಧಾರೆ ಕಾಣಿಸಲಿಲ್ಲವೆಂದು ಮುಖ್ಯ ಅತಿಥಿಗಳು ಮತ್ತೊಮ್ಮೆ ಎರೆಯಬೇಕಾಯಿತು. ಲೆಕ್ಕಕ್ಕೆ ಐದು ಚೊಂಬು, ವಾಸ್ತವದಲ್ಲಿ ಆರು. ಸಸಿಯೆಂದು ಮೇಜಿನ ಮೇಲೆ ಇಟ್ಟದ್ದು ನರ್ಸರಿಯಿಂದ ತಂದ ಒಂದು ಮನಿಪ್ಲಾಂಟ್. ಅದು ನಿಂತಿದ್ದ ಬಿಳಿಯ ಪಿಂಗಾಣಿ ಕುಂಡ ನೋಡಲು ಚೆಲುವಾಗಿತ್ತು. ಅದರ ತಳದಲ್ಲಿ ತೂತು ಇರಲಿಲ್ಲ.

ಸಭೆ ಮುಗಿದ ಮೇಲೆ ಹಾರ, ಶಾಲು, ನೆನಪಿನ ಕಾಣಿಕೆಗಳನ್ನು ಒಯ್ಯುವವರಿದ್ದರು, ಗಿಡವನ್ನು ಒಯ್ಯುವವರಿರಲಿಲ್ಲ. ಸಭಾಗೃಹದ ಕಾವಲುಗಾರ ಅದನ್ನು ಕಸದ ಬುಟ್ಟಿಯ ಪಕ್ಕಕ್ಕೆ ಸರಿಸುತ್ತಿದ್ದುದನ್ನು ಕಂಡು ನಾನು ಕೈಗೆತ್ತಿಕೊಂಡೆ. ಡೊಂಬಿವಲಿಯವರೆಗೆ ಲೋಕಲ್ ರೈಲಿನಲ್ಲಿ ಅದು ನನ್ನ ಪ್ಯಾಂಟಿನ ಮೇಲೆ ನೀರು ಚೆಲ್ಲುತ್ತಲೇ ಬಂತು. ಈ ಬರಹ ಆ ಗಿಡದ ಕುರಿತಾದದ್ದು; ಅದರ ನೆಪದಲ್ಲಿ ನಮ್ಮ ಭಾಷೆಯ ಒಂದು ಕ್ರಿಯಾಪದದ ಕುರಿತಾದದ್ದು.

ನೀರೆರೆಯುವುದು ಎಂಬ ಮಾತು ಕನ್ನಡದಲ್ಲಿ ಕೇವಲ ಕ್ರಿಯೆಯಲ್ಲ, ಒಂದು ಪ್ರಶಂಸೆ. ಸಂಘವನ್ನು ನೀರೆರೆದು ಬೆಳೆಸಿದ ಹಿರಿಯರು, ಪ್ರತಿಭೆಗೆ ನೀರೆರೆದ ಗುರುಗಳು, ಸ್ನೇಹಕ್ಕೆ ನೀರೆರೆದ ಪತ್ರಗಳು. ನಮ್ಮ ಸನ್ಮಾನ ಪತ್ರಗಳಿಂದ ಈ ಪದವನ್ನು ತೆಗೆದುಹಾಕಿದರೆ ಅರ್ಧ ಹಾಳೆ ಖಾಲಿಯಾದೀತು. ಬೇರಿಗೆ ನೀರೆರೆಯುವ ಮಾತು ಬಸವಣ್ಣನವರ ವಚನದಲ್ಲಿಯೂ ಬರುತ್ತದೆ. ಆದರೆ ಅದು ನೆಲದಲ್ಲಿ ನಿಂತ ಮರದ ಸಂಗತಿ. ಬಯಲುಸೀಮೆಯ ಬಿಸಿಲಿನಲ್ಲಿ ಬೆಳೆದ ಗಿಡಕ್ಕೆ ನೀರು ಹೆಚ್ಚಾಗುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಅಕ್ಕಿ ತೊಳೆದ ನೀರು ಕರಿಬೇವಿಗೆ, ಪಾತ್ರೆ ತೊಳೆದ ನೀರು ಬಾಳೆಗೆ, ಎಷ್ಟು ಹಾಕಿದರೂ ನೆಲ ಕುಡಿದುಬಿಡುತ್ತಿತ್ತು. ಆರೈಕೆ ಎಂದರೆ ನೀರು ಎಂಬ ಸಮೀಕರಣ ಅಂಥ ನೆಲದಲ್ಲಿ ಹುಟ್ಟಿದ್ದು. ಅದನ್ನೇ ನಾವು ಹತ್ತನೆಯ ಮಹಡಿಯ ಬೈಠಕಿನ ಕೋಣೆಗೆ ತಂದಿದ್ದೇವೆ. ಮನೆಯೊಳಗಿನ ಗಿಡಗಳು ನೀರಿಲ್ಲದೆ ಸಾಯುವುದಕ್ಕಿಂತ ನೀರಿನಿಂದ ಸಾಯುವುದೇ ಹೆಚ್ಚು ಎಂಬುದು ನನ್ನ ಅನುಭವ. ಗಿಡ ಸಾಕುವ ಗೆಳೆಯರನ್ನು ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ. ಸತ್ತ ಗಿಡದ ಮುಂದೆ ನಿಂತು ಎಲ್ಲರೂ ಆಡುವ ಮಾತೂ ಒಂದೇ: ದಿನವೂ ತಪ್ಪದೆ ನೀರು ಹಾಕುತ್ತಿದ್ದೆನಲ್ಲ!

ಗಿಡ ಮನೆಗೆ ಬಂದ ತಿಂಗಳಿಗೆ ಅವ್ವನೂ ಬಂದಳು. ಅಪ್ಪ ತೀರಿಕೊಂಡ ಮೇಲೆ ಸವಣೂರಿನ ಹತ್ತಿರದ ಹಳ್ಳಿಯ ಮನೆಯಲ್ಲಿ ಅವಳನ್ನು ಒಬ್ಬಳನ್ನೇ ಬಿಡುವುದು ಸರಿಯಲ್ಲವೆಂದು ನಾವು ಮಕ್ಕಳು ತೀರ್ಮಾನಿಸಿದೆವು. ಅವಳನ್ನು ಕೇಳಿದೆವೆಂದು ಹೇಳಲಾರೆ. ಇಲ್ಲಿ ಅಡುಗೆಮನೆ ನನ್ನ ಹೆಂಡತಿಯದು, ಕಸ ಮುಸುರೆ ಕೆಲಸದಾಕೆಯದು, ಟೀವಿ ಮಗನದು. ಅವ್ವನ ಪಾಲಿಗೆ ಉಳಿದದ್ದು ಮೂಲೆಯ ಆ ಗಿಡ. ನಾವು ಏಳುವುದಕ್ಕೆ ಮುಂಚೆ ಒಂದು ತಂಬಿಗೆ, ಮಧ್ಯಾಹ್ನ ಅರ್ಧ, ಸಂಜೆ ದೀಪ ಹಚ್ಚಿದ ಮೇಲೆ ಇನ್ನರ್ಧ.

ಜನವರಿಯ ಹೊತ್ತಿಗೆ ಕೆಳಗಿನ ಎಲೆಗಳು ಒಂದೊಂದಾಗಿ ಹಳದಿಯಾದುವು. ಆಮೇಲೆ ಬಳ್ಳಿ ಜೋತುಬಿತ್ತು. ಜೋತುಬಿದ್ದದ್ದನ್ನು ಕಂಡು ಅವ್ವ ನೀರನ್ನು ಹೆಚ್ಚಿಸಿದಳು. ಈ ಇಡೀ ವಿಷಯದಲ್ಲಿರುವ ಮೋಸ ಇಲ್ಲಿಯೇ ಇದೆ. ನೀರು ಸಾಲದ ಗಿಡ ಬಾಡುತ್ತದೆ. ನೀರು ಹೆಚ್ಚಾದ ಗಿಡವೂ ಬಾಡುತ್ತದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ನೀರೇ ತುಂಬಿ ನಿಂತರೆ ಬೇರು ಉಸಿರುಗಟ್ಟಿ ಸಾಯುತ್ತದೆ, ಸತ್ತ ಬೇರು ನೀರನ್ನು ಮೇಲಕ್ಕೆ ಎಳೆಯಲಾರದು. ಕೆರೆಯಲ್ಲಿ ನಿಂತಿದ್ದರೂ ಎಲೆಗೆ ಬಾಯಾರಿಕೆ. ಕಣ್ಣಿಗೆ ಕಾಣುವುದು ಎಲೆ ಮಾತ್ರ; ಎಲೆ ನೀರು ಕೇಳುತ್ತಿರುವಂತೆ ತೋರುತ್ತದೆ; ನಾವು ಎರೆಯುತ್ತೇವೆ. ಪ್ರೀತಿಯುಳ್ಳವರು ಹೆಚ್ಚು ಎರೆಯುತ್ತಾರೆ.

ಈ ಕೊಳೆತವನ್ನು ಕನ್ನಡಿಗರಾದ ನಾವು ಬೇರೆಲ್ಲರಿಗಿಂತ ಬೇಗ ಗುರುತಿಸಬೇಕಾಗಿತ್ತು. ಒದ್ದೆ ಕುಂಡಗಳಲ್ಲಿ ಮನಿಪ್ಲಾಂಟಿನ ಬೇರನ್ನು ತಿನ್ನುವ ಸೂಕ್ಷ್ಮಜೀವಿಗಳಲ್ಲಿ ಪಿಥಿಯಂ ಒಂದು, ಫೈಟಾಫ್ತೊರ ಇನ್ನೊಂದು. ಈ ಎರಡನೆಯ ಕುಲದ್ದೇ ಮಲೆನಾಡಿನ ಅಡಕೆಯ ಕೊಳೆರೋಗ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅದನ್ನು ಕುರಿತ ತಮ್ಮ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದರು. ಮಳೆಗಾಲಕ್ಕೆ ಮುನ್ನ ಅಡಕೆಯ ಗೊನೆಗೆ ಬೋರ್ಡೋ ದ್ರಾವಣ ಹೊಡೆಯುವ ಕ್ರಮ ತೋಟಗಳಲ್ಲಿ ನೆಲೆಗೊಂಡದ್ದು ಆ ಕೆಲಸದ ಬೆನ್ನಿಗೆ. ಕಾಳುಮೆಣಸಿನ ಬುಡ ಕೊಳೆಯುವ ರೋಗವೂ ಇದೇ ಕುಲದ ಇನ್ನೊಂದು ಜೀವಿಯ ಕೆಲಸ. ವೀಳ್ಯದೆಲೆಯ ಬಳ್ಳಿಯನ್ನೂ ಅದು ಬಿಟ್ಟಿಲ್ಲ. ಎಲ್ಲೆಲ್ಲಿ ನೀರು ನಿಲ್ಲುತ್ತದೆಯೋ ಅಲ್ಲಲ್ಲಿ ಅದು ಇದೆ. ತೂತಿಲ್ಲದ ಪಿಂಗಾಣಿ ಕುಂಡ ಎಂದರೆ ಬೈಠಕಿನ ಕೋಣೆಯಲ್ಲಿಟ್ಟ ಒಂದು ಸಣ್ಣ ಆಷಾಢ.

ಇದನ್ನೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಆಗ ಮಾಡಿದ್ದು ಬೇರೆ. ಒಂದು ಬೆಳಗ್ಗೆ ಎದ್ದು ಬಂದಾಗ ಅವ್ವ ತಂಬಿಗೆ ಹಿಡಿದು ನಿಂತಿದ್ದಳು. ಗಿಡ ನಿನ್ನಿಂದಲೇ ಸಾಯುತ್ತಿದೆ, ಇನ್ನು ಮುಟ್ಟಬೇಡ ಎಂದು ಗದರಿದೆ. ಅವಳು ಏನೂ ಹೇಳಲಿಲ್ಲ. ತಂಬಿಗೆಯನ್ನು ಅಡುಗೆಮನೆಯಲ್ಲಿಟ್ಟು ಬಂದು ಕುಳಿತಳು. ಮೂರು ವಾರ ಆ ಮೂಲೆಯತ್ತ ಹಾಯಲಿಲ್ಲ. ಗಿಡ ಚೇತರಿಸಿಕೊಳ್ಳಲೂ ಇಲ್ಲ. ಒಂದು ಸಂಜೆ ಹೆಂಡತಿಯೊಡನೆ ಅವಳು ಆಡಿದ ಮಾತು ನನ್ನ ಕಿವಿಗೆ ಬಿತ್ತು: “ಇಲ್ಲಿ ನಾ ಮಾಡೂ ಕೆಲಸ ಅಂದ್ರ ಅದೊಂದ ಇತ್ತು.”

ಒಳಾಂಗಣ ಗಿಡಗಳ ಬಗ್ಗೆ ಬರೆಯುವವರು ನೀರು ಕಡಿಮೆ ಹಾಕಿ ಎಂಬಲ್ಲಿಗೆ ಮಾತು ಮುಗಿಸುತ್ತಾರೆ. ಸರಿಯಾದ ಸಲಹೆ, ಆದರೆ ಅರ್ಧ ಸಲಹೆ. ಏಕೆ ಕಡಿಮೆ, ಎಷ್ಟು ಕಡಿಮೆ ಎಂಬುದಕ್ಕೆ ಉತ್ತರ ನೀರಿನಲ್ಲಿಲ್ಲ, ಬೆಳಕಿನಲ್ಲಿದೆ. ಎಲೆ ಬೆಳಕಿನಿಂದ ಆಹಾರ ತಯಾರಿಸುವಾಗ ನೀರನ್ನು ಆವಿಯಾಗಿ ಹೊರಬಿಡುತ್ತದೆ. ಬೆಳಕು ಹೆಚ್ಚಿದ್ದಲ್ಲಿ ಬೇರು ಹೆಚ್ಚು ನೀರನ್ನು ಎಳೆಯುತ್ತದೆ, ಕುಂಡ ಬೇಗ ಒಣಗುತ್ತದೆ. ಬೆಳಕಿಲ್ಲದ ಮೂಲೆಯಲ್ಲಿ ಗಿಡಕ್ಕೆ ಕೆಲಸವೇ ಇಲ್ಲ. ಎರೆದ ನೀರು ವಾರಗಟ್ಟಲೆ ನಿಲ್ಲುತ್ತದೆ. ಆದ್ದರಿಂದ ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು ಎಂಬ ಪ್ರಶ್ನೆಗೆ ಯಾವ ಪುಸ್ತಕವೂ ಉತ್ತರ ಕೊಡಲಾರದು. ನಿಮ್ಮ ಕಿಟಕಿ ಎಲ್ಲಿದೆ ಎಂಬುದು ಅದಕ್ಕೆ ಗೊತ್ತಿಲ್ಲ.

ಬೆಳಕಿನ ವಿಷಯದಲ್ಲಿ ನಮ್ಮ ಕಣ್ಣನ್ನು ನಂಬುವಂತಿಲ್ಲ. ನಡುಹಗಲಿನ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಮರದ ಕೆಳಗಿನ ತೆರೆದ ನೆರಳಿನಲ್ಲಿಯೂ ಅದು ಕೆಲವು ಸಾವಿರಗಳಷ್ಟಿರುತ್ತದೆ. ಕಿಟಕಿಯಿಂದ ಹತ್ತು ಹನ್ನೆರಡು ಅಡಿ ದೂರದ ಸೋಫಾದ ಮೂಲೆಯಲ್ಲಿ ನೂರೋ ಇನ್ನೂರೋ. ಕಣ್ಣಿನ ಪಾಪೆ ಹಿಗ್ಗಿ ಎರಡೂ ಕಡೆ ನಮಗೆ ಪತ್ರಿಕೆ ಓದಿಸುತ್ತದೆಯಾದ್ದರಿಂದ ಮೂಲೆಯೂ ಬೆಳಕಾಗಿಯೇ ಇದೆ ಎಂದುಕೊಳ್ಳುತ್ತೇವೆ. ಎಲೆಗೆ ಪಾಪೆಯಿಲ್ಲ. ಬೆಳಕನ್ನು ಅಳೆಯುವ ಆ್ಯಪುಗಳು ಈಗ ಮೊಬೈಲಿನಲ್ಲಿಯೇ ಸಿಗುತ್ತವೆ. ನಿಖರವಲ್ಲದಿದ್ದರೂ ಒಮ್ಮೆ ಕಿಟಕಿಯ ಬಳಿಯೂ ಒಮ್ಮೆ ಮೂಲೆಯಲ್ಲಿಯೂ ಹಿಡಿದು ನೋಡಿದರೆ ಗಾಬರಿಯಾಗುವಷ್ಟು ಅಂತರ ಕಾಣುತ್ತದೆ. ಅದೂ ಬೇಡವೆಂದರೆ ನಡುಹಗಲಿನಲ್ಲಿ ಗಿಡದ ಮೇಲೆ ಅಂಗೈ ಹಿಡಿಯಿರಿ. ಬೆರಳುಗಳ ನೆರಳು ಮಸುಕಾಗಿಯಾದರೂ ಬಿದ್ದರೆ ಗಿಡ ಬದುಕುವ ಜಾಗ ಅದು. ನೆರಳೇ ಬೀಳದಿದ್ದರೆ ಅದು ಹೂದಾನಿಯ ಜಾಗ.

ಮುಂಬಯಿಯ ಮನೆಗಳಲ್ಲಿ ಈ ಲೆಕ್ಕ ಇನ್ನೂ ಬಿಗಿ. ಎದುರಿನ ಕಟ್ಟಡ ಹದಿನೈದು ಅಡಿ ದೂರದಲ್ಲಿ, ಕಿಟಕಿಗೆ ಗ್ರಿಲ್, ಗ್ರಿಲ್ಲಿನಲ್ಲಿ ಒಣಹಾಕಿದ ಬಟ್ಟೆ, ಒಳಗೆ ಪರದೆ. ಇಷ್ಟನ್ನು ದಾಟಿ ಬಂದ ಬೆಳಕನ್ನು ನೆಚ್ಚಿಕೊಂಡು ನಾವು ಮೂಲೆ ಮೂಲೆಗೆ ಗಿಡ ಇಡುತ್ತೇವೆ. ‘ಇಂಡೋರ್ ಪ್ಲಾಂಟ್’ ಎಂಬ ಫಲಕದ ಕೆಳಗೆ ಅವನ್ನು ಮಾರುತ್ತಾರೆ. ಅಂಥದೊಂದು ಸಸ್ಯಜಾತಿ ಭೂಮಿಯ ಮೇಲೆ ಹುಟ್ಟಿಯೇ ಇಲ್ಲ. ದಟ್ಟ ಕಾಡಿನ ನೆರಳನ್ನು ಸಹಿಸಬಲ್ಲ ಗಿಡಗಳಿವೆ, ಅಷ್ಟೆ. ಮತ್ತು ಕಾಡಿನ ನೆರಳು ನಮ್ಮ ಬೈಠಕಿನ ಕೋಣೆಗಿಂತ ಬಹಳ ಬೆಳಕಿನದು. ಮೂಲೆಯ ಗಿಡ ಬದುಕುತ್ತಿಲ್ಲ, ನರ್ಸರಿಯಲ್ಲಿ ಕೂಡಿಟ್ಟುಕೊಂಡದ್ದನ್ನು ಖರ್ಚುಮಾಡುತ್ತಿದೆ. ಆ ಖರ್ಚು ಮುಗಿಯಲು ಆರು ತಿಂಗಳು ಹಿಡಿಯುತ್ತದೆಯಾಗಿ ನಮಗೆ ಅನುಮಾನ ಬರುವುದಿಲ್ಲ.

ಮನಿಪ್ಲಾಂಟಿನ ಹುಟ್ಟೂರು ಪೆಸಿಫಿಕ್ ಸಾಗರದಲ್ಲಿ ತಾಹಿತಿಯ ಪಕ್ಕದ ಮೂರಿಯಾ ಎಂಬ ದ್ವೀಪ. ವಿಜ್ಞಾನಿಗಳು ಅದಕ್ಕೆ 1880ರಲ್ಲಿ ಒಂದು ಹೆಸರಿಟ್ಟು, ಬಳಿಕ ಎರಡು ಮೂರು ಸಲ ಕುಲ ಬದಲಿಸಿ, 1964ರಿಂದ ಎಪಿಪ್ರೆಮ್ನಮ್ ಆರಿಯಮ್ ಎಂದು ಕರೆಯುತ್ತಿದ್ದಾರೆ. ಇಷ್ಟು ಅಲೆದಾಟಕ್ಕೆ ಕಾರಣ, ಗಿಡ ಹೂ ಬಿಡದಿರುವುದು. ಹೂ ಇಲ್ಲದೆ ಸಸ್ಯದ ಕುಲ ಹೇಳುವುದು ಕಷ್ಟ. ಹೂ ಬಿಡುವುದಕ್ಕೆ ಬೇಕಾದ ಗಿಬ್ಬರೆಲಿನ್ ಎಂಬ ಚೋದಕವನ್ನು ತಯಾರಿಸುವ ವಂಶವಾಹಿಯೊಂದು ಇದರಲ್ಲಿ ಕೆಟ್ಟಿದೆ ಎಂದು 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆ ಚೋದಕವನ್ನು ಹೊರಗಿನಿಂದ ಸಿಂಪಡಿಸಿದಾಗ ಗಿಡ ಹೂಬಿಟ್ಟಿತು. ಹೂವಿಲ್ಲವೆಂದರೆ ಬೀಜವಿಲ್ಲ. ನಿಮ್ಮ ಮನೆಯದು, ನಮ್ಮ ಮನೆಯದು, ಎದುರಿನ ದಂತವೈದ್ಯರ ಕಾಯುವ ಕೋಣೆಯದು, ಎಲ್ಲವೂ ಕೈಯಿಂದ ಕೈಗೆ ಬಂದ ತುಂಡುಗಳು. ಕದ್ದು ತಂದ ಮನಿಪ್ಲಾಂಟ್ ಮಾತ್ರ ಹಣ ತರುತ್ತದೆಂಬ ನಂಬಿಕೆ ಎಲ್ಲಿಂದ ಬಂತೋ. ಕೇಳಿದರೆ ಯಾರಾದರೂ ಒಂದು ಗೇಣು ಬಳ್ಳಿಯನ್ನು ನಗುತ್ತ ಕೊಡುತ್ತಾರೆ.

ಇದರ ಕುಟುಂಬ ಕೆಸುವಿನದು, ಸುವರ್ಣಗೆಡ್ಡೆಯದು. ಕೆಸು ಸರಿಯಾಗಿ ಬೇಯದಿದ್ದರೆ, ಹುಣಸೆ ಸಾಲದಿದ್ದರೆ ಪತ್ರೊಡೆ ಗಂಟಲು ಕೆರೆಯುವುದಕ್ಕೆ ಕಾರಣವಾದ ಸೂಜಿಯಂಥ ಹರಳುಗಳು ಮನಿಪ್ಲಾಂಟಿನ ಎಲೆಯಲ್ಲಿಯೂ ಇವೆ. ತೆವಳುವ ಕೂಸು, ಬೆಕ್ಕು ಇರುವ ಮನೆಯಲ್ಲಿ ಅವುಗಳ ಬಾಯಿಗೆ ಎಟುಕದಂತೆ ಇಡಬೇಕು. ಸ್ವಭಾವತಃ ಇದು ಮರ ಹತ್ತುವ ಬಳ್ಳಿ. ಕರಾವಳಿಯ ಹಿತ್ತಲುಗಳಲ್ಲಿ ಹಲಸನ್ನೋ ತೆಂಗನ್ನೋ ಹತ್ತಿದ ಮನಿಪ್ಲಾಂಟನ್ನು ನೋಡಿದವರಿಗೆ ಗೊತ್ತು: ಒಂದೊಂದು ಎಲೆ ಮೊರದಷ್ಟು ಅಗಲ, ಅಂಚಿನಲ್ಲಿ ಸೀಳು. ಅದೇ ಬಳ್ಳಿಯನ್ನು ಕುಂಡದಿಂದ ಕೆಳಕ್ಕೆ ಇಳಿಬಿಟ್ಟರೆ ಎಲೆ ಬರಬರುತ್ತ ಚಿಕ್ಕದಾಗುತ್ತದೆ. ಹತ್ತಲು ಆಸರೆ ಸಿಕ್ಕರೆ ಹಿಗ್ಗುವುದು, ಸಿಗದಿದ್ದರೆ ಕುಗ್ಗುವುದು ಅದರ ರೀತಿ. ಶ್ರೀಲಂಕೆಯಲ್ಲಿ, ಫ್ಲಾರಿಡಾದಲ್ಲಿ ಇದು ಕಾಡಿಗೆ ನುಗ್ಗಿ ಸ್ಥಳೀಯ ಸಸ್ಯಗಳನ್ನು ಮುಚ್ಚಿಹಾಕುವ ಪೀಡೆಯೆಂದು ಹೆಸರು ಪಡೆದಿದೆ. ಕಾಡನ್ನೇ ನುಂಗಬಲ್ಲ ಬಳ್ಳಿ ನಮ್ಮ ಶೋಕೇಸಿನ ಮೇಲೆ ಆರು ಎಲೆ ಹೊತ್ತು ಕಾಲ ತಳ್ಳುತ್ತಿದೆಯೆಂದರೆ ಅದರ ಅಲ್ಪತೃಪ್ತಿಯನ್ನು ಮೆಚ್ಚುವುದಕ್ಕೆ ಮೊದಲು ನಾವು ಅದನ್ನು ಎಲ್ಲಿಟ್ಟಿದ್ದೇವೆ ಎಂದು ನೋಡಬೇಕು.

ಮತ್ತೆ ಅವ್ವನ ಸಂಗತಿ. ಅವಳ ಆ ಮಾತು ಕೇಳಿದ ಮರುದಿನ ಭಾನುವಾರ. ಗಿಡವನ್ನು ಎಸೆಯುವುದೋ ಉಳಿಸುವುದೋ ನೀನೇ ಹೇಳು ಎಂದು ಕುಂಡವನ್ನು ಅವಳ ಮುಂದೆ ತಂದಿಟ್ಟೆ. ಅವಳು ಕುಂಡವನ್ನು ಓರೆಮಾಡಿ, ಬುಡ ಹಿಡಿದು, ಮಣ್ಣಿನ ಮುದ್ದೆಯನ್ನು ಹಳೆಯ ಪತ್ರಿಕೆಯ ಮೇಲೆ ಸುರಿದಳು. ಗಟಾರದ ವಾಸನೆ ಬಂತು. ಬೇರುಗಳು ಕಪ್ಪಾಗಿ, ಹಿಡಿದರೆ ಸಿಪ್ಪೆ ಜಾರುವಂತಿದ್ದುವು. ಖಾಲಿ ಕುಂಡವನ್ನು ಎತ್ತಿ ತಳ ನೋಡಿದಳು.

“ಇದಕ್ಕ ತೂತ ಇಲ್ಲಲ್ಲೋ. ನೀರ ಎಲ್ಲಿ ಹೋಗಬೇಕು?”

ಆಮೇಲೆ ಅವಳು ತವರಿನ ಎಲೆಬಳ್ಳಿಯ ತೋಟದ ಸಂಗತಿ ಹೇಳಿದಳು. ಸವಣೂರಿನ ಎಲೆ ಹೆಸರುವಾಸಿ. ಅವಳ ಅಪ್ಪನಿಗೂ ಒಂದು ಸಣ್ಣ ತೋಟವಿತ್ತು. ಬಳ್ಳಿಗೆ ಮೇಲಿಂದ ಮೇಲೆ ನೀರು ಹಾಯಿಸಬೇಕು, ಬೇಸಗೆಯಲ್ಲಂತೂ ನೆಲ ಆರಗೊಡುವಂತಿಲ್ಲ. ಆದರೆ ನೀರು ಬಂದ ಹಾಗೆ ಕಾಲುವೆಯಲ್ಲಿ ಹೊರಟು ಹೋಗಬೇಕು, ಬುಡದಲ್ಲಿ ನಿಂತರೆ ಮಡಿಗೆ ಮಡಿಯೇ ಕೊಳೆತುಹೋಗುತ್ತದೆ. ಅಂದರೆ ಅವ್ವ ಮಾಡಿದ್ದು ಅಜ್ಞಾನದ ಕೆಲಸವಾಗಿರಲಿಲ್ಲ. ನೀರು ಹರಿದು ಹೋಗುವ ನೆಲದ ತಿಳಿವಳಿಕೆಯನ್ನು ನೀರು ನಿಲ್ಲುವ ಪಾತ್ರೆಗೆ ಅನ್ವಯಿಸಿದ್ದಳು, ಅಷ್ಟೆ. ತಳದಲ್ಲಿ ತೂತಿಲ್ಲವೆಂಬುದು ನನಗೆ ಗೊತ್ತಿತ್ತು. ಅವಳಿಗೆ ಹೇಳಿರಲಿಲ್ಲ. ಮುಟ್ಟಬೇಡ ಎಂದು ಮಾತ್ರ ಹೇಳಿದ್ದೆ.

ಕೊಳೆತದ್ದನ್ನೆಲ್ಲ ಕತ್ತರಿಸಿ ಎಸೆದ ಮೇಲೆ ಗಟ್ಟಿಯಾಗಿ ಉಳಿದದ್ದು ನಾಲ್ಕು ತುಂಡು. ಪ್ರತಿ ತುಂಡಿನಲ್ಲಿಯೂ ಒಂದಾದರೂ ಗೆಣ್ಣು ಇರಬೇಕು. ಬೇರೂ ಚಿಗುರೂ ಬರುವುದು ಗೆಣ್ಣಿನಿಂದಲೇ. ಗೆಣ್ಣಿಲ್ಲದ ಬರಿಯ ಎಲೆಯನ್ನು ನೀರಿನಲ್ಲಿಟ್ಟು ತಿಂಗಳುಗಟ್ಟಲೆ ಚಿಗುರಿಗಾಗಿ ಕಾಯುವವರನ್ನು ನೋಡಿದ್ದೇನೆ. ಗಾಜಿನ ಲೋಟದಲ್ಲಿಟ್ಟ ನಾಲ್ಕರಲ್ಲಿ ಮೂರು ಎರಡು ಮೂರು ವಾರಗಳಲ್ಲಿ ಬಿಳಿ ಬೇರು ಬಿಟ್ಟುವು. ತೂತಿರುವ ಮಣ್ಣಿನ ಕುಂಡ, ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಗೊಬ್ಬರ, ಜೊತೆಗೆ ಅವ್ವ ಕುಟ್ಟಿ ಹಾಕಿದ ಇಟ್ಟಿಗೆಯ ಚೂರು. ನರ್ಸರಿಯವರು ಸಾಗಿಸಲು ಹಗುರವೆಂದು ಬರಿಯ ನಾರಿನ ಪುಡಿಯಲ್ಲಿಯೇ ಗಿಡ ಕೊಡುವುದುಂಟು. ಅದು ಮೇಲೆ ಒಣಗಿದಂತೆ ತೋರಿ ಒಳಗೆ ವಾರಗಟ್ಟಲೆ ಹಸಿಯಾಗಿರುತ್ತದೆ. ಬೆರಳಿನ ಎರಡು ಗೆಣ್ಣಿನಷ್ಟು ಆಳಕ್ಕೆ ಚುಚ್ಚಿ ನೋಡುವುದೊಂದೇ ಅದಕ್ಕೆ ದಾರಿ.

ಈಗ ಅವ್ವನ ದಿನಚರಿಯಲ್ಲಿ ಗಿಡದ ಕೆಲಸ ಮೊದಲಿಗಿಂತ ಹೆಚ್ಚಾಗಿದೆ, ನೀರಿನ ಕೆಲಸ ಕಡಿಮೆಯಾಗಿದೆ. ಬೆಳಗ್ಗೆ ಬೆರಳು ಚುಚ್ಚಿ ನೋಡುತ್ತಾಳೆ. ಕುಂಡವನ್ನು ಎತ್ತಿ ತೂಕ ನೋಡುತ್ತಾಳೆ. ಒಣಗಿದ ಕುಂಡದ ಹಗುರ ಅವಳ ಕೈಗೆ ನನಗಿಂತ ಚೆನ್ನಾಗಿ ಗೊತ್ತು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆ ಒರೆಸುತ್ತಾಳೆ. ಈ ಊರಿನ ಧೂಳು ಎಲೆಯ ಮೇಲೆ ಪರದೆಯಂತೆ ಕೂರುತ್ತದೆ, ಬರುವ ಅಷ್ಟಿಷ್ಟು ಬೆಳಕನ್ನೂ ತಡೆಯುತ್ತದೆ. ಎಲೆಯ ಅಡಿ ನೋಡಿ ಹಿಟ್ಟು ತಿಗಣೆಯ ಬಿಳಿ ಹತ್ತಿಯಿದ್ದರೆ ಒರೆಸಿ ತೆಗೆಯುತ್ತಾಳೆ. ಬೆಳಕಿನತ್ತ ವಾಲಿದ ಕುಂಡವನ್ನು ಕಾಲು ಸುತ್ತು ತಿರುಗಿಸುತ್ತಾಳೆ. ತೆಂಗಿನ ನಾರು ಸುತ್ತಿದ ಕೋಲು ನೆಟ್ಟು, ಹಳೆಯ ಸೀರೆಯ ಅಂಚಿನಿಂದ ಬಳ್ಳಿಯನ್ನು ಅದಕ್ಕೆ ಕಟ್ಟಿದ್ದಾಳೆ. ಗಂಟು ಬಿಗಿಯಲ್ಲ, ಸಡಿಲವೂ ಅಲ್ಲ, ತವರಿನ ತೋಟದ ಗಂಟು. ಹೊಸ ಎಲೆ ಹಿಂದಿನದಕ್ಕಿಂತ ಅಗಲವಾಗಿ ಬಂದ ದಿನ ನನ್ನನ್ನು ಕೂಗಿ ತೋರಿಸಿದಳು. ಇವೆಲ್ಲ ನೀರೆರೆಯುವುದಕ್ಕೆ ಸಮನಾದ ಕೆಲಸಗಳು, ಆದರೆ ಇವಕ್ಕೆ ನಮ್ಮಲ್ಲಿ ಅಂಥದೊಂದು ಘನವಾದ ಕ್ರಿಯಾಪದವಿಲ್ಲ. ಎಲೆ ಒರೆಸಿ ಸಂಘವನ್ನು ಬೆಳೆಸಿದ ಹಿರಿಯರು ಎಂದರೆ ಸಭೆ ನಕ್ಕೀತು.

ವಯಸ್ಸಾದವರ ಕೈಯಿಂದ ನೀರಿನ ತಂಬಿಗೆ ಕಿತ್ತುಕೊಳ್ಳುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಗಿಡದ ಹಿತಕ್ಕೆಂದು ನಾವು ಹೇಳುವ ಬೇಡಗಳನ್ನು ಒಂದು ದಿನ ಎಣಿಸಿ ನೋಡಿದರೆ, ಊರಿಂದ ಬಂದ ಅಪ್ಪನಿಗೋ ಅತ್ತೆಗೋ ದಿನವಿಡೀ ಹೇಳುವ ಬೇಡಗಳ ಸಾಲಿಗೆ ಅವು ಸೇರಿಕೊಳ್ಳುವುದು ಕಾಣುತ್ತದೆ. ಬೇಡ ಎನ್ನುವ ಬದಲು ಬೆರಳು ಚುಚ್ಚಿ ನೋಡು ಎನ್ನಬಹುದಿತ್ತು. ನನಗೆ ಹೊಳೆಯಲು ಮೂರು ವಾರ ಬೇಕಾಯಿತು.

ನಮ್ಮ ಕೈಗೆ ಸಿಗುವ ಆರೈಕೆಯ ಪುಸ್ತಕಗಳ ಮೇಲೂ ನನಗೆ ಒಂದು ತಕರಾರಿದೆ. ಉಷ್ಣವಲಯದ ಗಿಡವನ್ನು ಮನೆಯೊಳಗೆ ಸಾಕುವ ಹುಚ್ಚು ಬೆಳೆದದ್ದು ಚಳಿಯ ದೇಶಗಳಲ್ಲಿ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಪತಂಗದ ಕೋಶವೊಂದನ್ನು ಮುಚ್ಚಿದ ಶೀಸೆಯ ಹಸಿ ಮಣ್ಣಿನಲ್ಲಿಟ್ಟಿದ್ದ. ಪತಂಗಕ್ಕಿಂತ ಮೊದಲು ಒಂದು ಜರೀಗಿಡ ಮೊಳೆಯಿತು. ಕಲ್ಲಿದ್ದಲ ಹೊಗೆಯ ಆ ಊರಿನಲ್ಲಿ ಹೊರಗೆ ಬದುಕದ ಜರೀಗಿಡ ಗಾಜಿನೊಳಗೆ ಬದುಕಿತು. ಗಾಜಿನ ಆ ಪೆಟ್ಟಿಗೆಗಳಲ್ಲಿ ಮುಂದೆ ಗಿಡಗಳು ಸಮುದ್ರಗಳನ್ನು ದಾಟಿದುವು, ಸಿರಿವಂತರ ಬೈಠಕಿನ ಕೋಣೆ ಸೇರಿದುವು. ಅಲ್ಲಿಯ ಚಳಿ, ಬೆಂಕಿಗೂಡಿನ ಒಣ ಗಾಳಿ, ನಾಲ್ಕು ಗಂಟೆಗೇ ಕತ್ತಲಾಗುವ ಡಿಸೆಂಬರ್, ಇವಕ್ಕೆ ತಕ್ಕಂತೆ ಹುಟ್ಟಿದ ಸಲಹೆಗಳನ್ನು ನಾವು ಇಲ್ಲಿ ಪಾಲಿಸುತ್ತಿದ್ದೇವೆ. ಎಲೆಗೆ ದಿನವೂ ನೀರು ಚಿಮುಕಿಸಿ ಎಂದು ಬರೆದಿದೆಯೆಂದು ಮುಂಬಯಿಯ ಜುಲೈ ತಿಂಗಳಿನಲ್ಲಿ, ಚಪ್ಪಲಿಗೂ ಬೂಷ್ಟು ಹಿಡಿಯುವ ಹವೆಯಲ್ಲಿ, ಚಿಮುಕಿಸುವವರಿದ್ದಾರೆ!

ನಾವು ಒಂದೇ ಭಾಷೆಯವರಾದರೂ ಇರುವುದು ಒಂದೇ ಹವೆಯಲ್ಲಲ್ಲ. ಮುಂಬಯಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಕುಂಡ ಒಣಗುವುದೇ ಇಲ್ಲ. ಹತ್ತು ಹದಿನೈದು ದಿನ ನೀರೇ ಬೇಡವಾದೀತು. ಚೆನ್ನೈನವರಿಗೆ ದೊಡ್ಡ ಮಳೆ ಬರುವುದೇ ಅಕ್ಟೋಬರಿನ ನಂತರ. ಆಷಾಢದಲ್ಲಿ ಅಲ್ಲಿ ಕುಂಡ ಕಾದಿರುತ್ತದೆ. ಹೈದರಾಬಾದು, ಪುಣೆಗಳಲ್ಲಿ ಮಾರ್ಚಿನಿಂದ ಮೇವರೆಗೆ ಗಾಳಿ ಒಣ, ನೀರು ಬೇಗ ಆರುತ್ತದೆ. ಕೊಳವೆ ಬಾವಿಯ ಗಡಸು ನೀರಿನ ಕಡೆ ಕುಂಡದ ಅಂಚಿಗೆ ಬಿಳಿಯ ಉಪ್ಪು ಕಟ್ಟಿ ಎಲೆಯ ತುದಿ ಕಂದಾಗುತ್ತದೆ. ಆಗೊಮ್ಮೆ ಈಗೊಮ್ಮೆ ಧಾರಾಳವಾಗಿ ನೀರು ಹಾಯಿಸಿ ತಳದಿಂದ ಹರಿದುಹೋಗಲು ಬಿಡಬೇಕು. ದೆಹಲಿಯದು ಎರಡು ತುದಿ. ಮೇ ತಿಂಗಳ ಬಿಸಿಗಾಳಿ ಎಲೆ ಸುಡುತ್ತದೆ. ಜನವರಿಯಲ್ಲಿ ರಾತ್ರಿಯ ಉಷ್ಣಾಂಶ ಹತ್ತು ಡಿಗ್ರಿಗಿಂತ ಕೆಳಗಿಳಿದಾಗ ಬಾಲ್ಕನಿಯ ಮನಿಪ್ಲಾಂಟನ್ನು ಒಳಗೆ ತರಬೇಕು, ಬೆಳೆಯುವುದನ್ನು ನಿಲ್ಲಿಸಿದ ಗಿಡಕ್ಕೆ ಗೊಬ್ಬರ ಹಾಕಬಾರದು. ಬೆಂಗಳೂರಿನ ತಂಪಿನಲ್ಲಿ ಕುಳಿತು ಬರೆದ ಕನ್ನಡದ ಅಂಕಣಗಳೂ ಈ ವಿಷಯದಲ್ಲಿ ನಮಗೆ ಪೂರ್ತಿ ಸಲ್ಲುವುದಿಲ್ಲ.

ಗಿಡ ಮನೆಯ ಗಾಳಿಯನ್ನು ಶುದ್ಧಮಾಡುತ್ತದೆಂಬ ಮಾತನ್ನೂ ಇಲ್ಲಿಯೇ ಮುಗಿಸುತ್ತೇನೆ. ಅದರ ಮೂಲ 1989ರಲ್ಲಿ ಪ್ರಕಟವಾದ ನಾಸಾದ ಒಂದು ಅಧ್ಯಯನ. ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. 2019ರಲ್ಲಿ ಪ್ರಕಟವಾದ ವಿಮರ್ಶೆಯೊಂದು ಇಂಥ ಪ್ರಯೋಗಗಳ ಲೆಕ್ಕವನ್ನು ಒಟ್ಟುಮಾಡಿ, ಕಿಟಕಿ ಬಾಗಿಲುಗಳಿಂದ ಸಹಜವಾಗಿ ಆಡುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಎಂದಿತು. ನಮ್ಮ 450 ಚದರಡಿಯ ಮನೆಗೆ ಕನಿಷ್ಠ 420. ನಾವು ನಾಲ್ವರು ಎಲ್ಲಿ ಮಲಗುವುದು? ಇನ್ನು ಬಾಟಲಿಯ ನೀರಿನಲ್ಲಿ ಮನಿಪ್ಲಾಂಟ್ ಇಡುವವರಿಗೆ ಒಂದು ಮಾತು: ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ಎಂಟು ಹತ್ತು ದಿನ ಸಾಕು. ವಾರಕ್ಕೊಮ್ಮೆ ನೀರು ಚೆಲ್ಲಿ, ಬಾಟಲಿಯ ಒಳಬದಿಯನ್ನು ಉಜ್ಜಿ ತೊಳೆಯಬೇಕು. ಮೊಟ್ಟೆ ಅಂಟಿಕೊಂಡಿರುವುದು ಅಲ್ಲಿ.

ಹೊರನಾಡ ಕನ್ನಡಿಗರ ಕವಿಗೋಷ್ಠಿಗಳಲ್ಲಿ ಕುಂಡದ ಗಿಡ ಬಹಳ ಕಾಲದಿಂದ ದುಡಿಯುತ್ತಿದೆ. ಊರ ಮಣ್ಣಿನಿಂದ ಕಿತ್ತ ಬೇರು, ಪರದೇಶದ ಕುಂಡ, ಕಿಟಕಿಯತ್ತ ಚಾಚಿದ ಕೊರಳು. ನಾನೂ ಅಂಥ ಎರಡು ಕವಿತೆ ಬರೆದಿದ್ದೇನೆ. ಬರೆದ ಮೇಜಿನ ಮೇಲೆಯೇ ಒಂದು ಗಿಡ ಬೆಳಕಿಲ್ಲದೆ ಒಣಗಿದ್ದು ಆಗ ನನಗೆ ಸಾಮಗ್ರಿಯಾಗಿ ಕಂಡಿತೇ ಹೊರತು ಗಿಡವಾಗಿ ಕಾಣಲಿಲ್ಲ. ಮೇಜನ್ನು ನಾಲ್ಕಡಿ ಸರಿಸಿದ್ದರೆ ಗಿಡ ಉಳಿಯುತ್ತಿತ್ತು. ಅವ್ವನ ವಿಷಯದಲ್ಲಿಯೂ ಅದೇ ರೂಪಕವನ್ನು ಹೇರಲು ನನ್ನ ಕೈ ತುಡಿಯುತ್ತದೆ. ಆದರೆ ಅವಳು ಬಳ್ಳಿಯಲ್ಲ. ಅವಳಿಗೆ ಬೇಕಾದದ್ದು ಬೆಳಕೂ ಅಲ್ಲ, ಕುಂಡವೂ ಅಲ್ಲ. ಮಾಡಲು ಕೆಲಸ, ಕೇಳುವ ಕಿವಿ, ವರ್ಷಕ್ಕೆರಡು ಸಲ ಊರಿಗೆ ಹೋಗಿ ಬರುವ ಟಿಕೇಟು. ಟಿಕೇಟು ತೆಗೆಸುವುದರಲ್ಲಿ ನಾನು ಇನ್ನೂ ಹಿಂದಿದ್ದೇನೆ.

ಸಂಘದ ಕಾರ್ಯಕಾರಿ ಸಮಿತಿಗೆ ನನ್ನದೊಂದು ಸೂಚನೆಯಿದೆ; ಸಭೆಯಲ್ಲಿ ಹೇಳಿದಾಗ ನಕ್ಕರು, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಸಸಿಗೆ ನೀರೆರೆಯುವ ಉದ್ಘಾಟನೆಯನ್ನು ನಿಲ್ಲಿಸಬೇಕಾಗಿಲ್ಲ. ಐವರಿಗೆ ಐದು ಚೊಂಬಿನ ಬದಲು ಒಬ್ಬರು, ಒಂದು ಲೋಟ. ತೂತಿರುವ ಕುಂಡ, ಅಡಿಯಲ್ಲಿ ತಟ್ಟೆ. ಸಭೆ ಮುಗಿದ ಮೇಲೆ ಆ ಗಿಡ ಯಾರ ಮನೆಗೆ ಹೋಗುತ್ತದೆಂಬುದನ್ನು ವೇದಿಕೆಯಿಂದಲೇ ಹೇಳಬೇಕು, ಆ ಮನೆಗೆ ಬೆಳಕಿನ ಕಿಟಕಿ ಇರಬೇಕು, ಮರುವರ್ಷ ಅದೇ ಗಿಡ ವೇದಿಕೆಗೆ ಮರಳಿ ಬರಬೇಕು. ಹೊಸ ಗಿಡದ ಖರ್ಚು ಉಳಿಯುತ್ತದೆಯೆಂದರೆ ಖಜಾಂಚಿಯವರಾದರೂ ಒಪ್ಪಬಹುದು.

ಈ ಸಲದ ರಾಜ್ಯೋತ್ಸವಕ್ಕೆ ನಮ್ಮ ಮನೆಯ ಬಳ್ಳಿಯನ್ನೇ ಒಯ್ಯೋಣವೆಂದುಕೊಂಡಿದ್ದೇನೆ. ಕೋಲು ಸೇರಿ ಮೂರಡಿ ಎತ್ತರವಾಗಿದೆ, ಲೋಕಲಿನಲ್ಲಿ ಹಿಡಿಯುವುದಿಲ್ಲ, ರಿಕ್ಷಾ ಮಾಡಬೇಕು. ಅವ್ವನಿಗೆ ಹೇಳಿದೆ. ಅವಳು ತುಸು ಹೊತ್ತು ಯೋಚಿಸಿ ತಾನೂ ಬರುತ್ತೇನೆಂದಳು. ಕಾರ್ಯಕ್ರಮ ನೋಡುವುದಕ್ಕೇನು ಎಂದು ಕೇಳಿದೆ.

“ಕಾರ್ಯಕ್ರಮ ಇರಲಿ. ಅಲ್ಲಿ ಮಂದಿ ಎಲ್ಲಾರೂ ಕೂಡಿ ಇದಕ್ಕ ನೀರ ಸುರೀತಾರಂತಲ್ಲ. ಯಾರಾರ ಹತ್ತರ ನಿಂದರಬೇಕು.”